ಪ್ರಶ್ನೆ ಕೇಳದ ಪುಸ್ತಕ

ಹೈದರಾಬಾದ್ ಮೆಟ್ರೊದ ನೀಲಿ ಮಾರ್ಗದಲ್ಲಿ ರಸೂಲ್‌ಪುರ, ಪ್ರಕಾಶ್ ನಗರ, ಬೇಗಂಪೇಟೆ, ಅಮೀರ್‌ಪೇಟೆ ಒಂದಾದ ಮೇಲೊಂದು ಬರುವ ನಿಲ್ದಾಣಗಳು. ಕೆಲವೇ ನಿಮಿಷಗಳ ಈ ದಾರಿಯಲ್ಲಿ ನಮ್ಮ ದೇಶದ ಇಂಗ್ಲಿಷ್ ಹಂಬಲದ ಎಲ್ಲ ಅಂತಸ್ತುಗಳನ್ನೂ ನೋಡಿಬಿಡಬಹುದು. ಬೇಗಂಪೇಟೆಯಲ್ಲಿ ಹೈದರಾಬಾದ್ ಪಬ್ಲಿಕ್ ಸ್ಕೂಲ್ ಇದೆ. 1923ರಲ್ಲಿ ಜಾಗೀರುದಾರರ ಮಕ್ಕಳಿಗೆಂದೇ ಶುರುವಾದ ಜಾಗೀರ್‌ದಾರ್ ಕಾಲೇಜು, ಜಾಗೀರುಗಳು ರದ್ದಾದ ಮೇಲೆ 1951ರಲ್ಲಿ ಎಲ್ಲರಿಗೂ ತೆರೆದ ಶಾಲೆಯಾಯಿತು. ಎಲ್ಲರಿಗೂ ಎಂದರೆ ಶುಲ್ಕ ಕಟ್ಟಬಲ್ಲ ಎಲ್ಲರಿಗೂ. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ, ಅಡೋಬಿಯ ಶಂತನು ನಾರಾಯಣ್, ಕ್ರಿಕೆಟ್ ವೀಕ್ಷಕ ವಿವರಣೆಗಾರ ಹರ್ಷ ಭೋಗ್ಲೆ ಅಲ್ಲಿ ಕಲಿತವರು. ಮುಂದಿನ ನಿಲ್ದಾಣ ಅಮೀರ್‌ಪೇಟೆ. ಕಂಪ್ಯೂಟರ್ ಕೋರ್ಸುಗಳ ಫಲಕಗಳ ನಡುವೆ ಸ್ಪೋಕನ್ ಇಂಗ್ಲಿಷ್ ತರಗತಿಗಳ ಫಲಕಗಳೂ ತೂಗುವ ಜಾಗ. ಇತ್ತ ರಸೂಲ್‌ಪುರ ಹಳೆಯ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ದುಡಿಯುವವರ ಬಸ್ತಿ.

ಈ ಮೂರೂ ಕಡೆಯ ಅಪ್ಪ ಅಮ್ಮಂದಿರ ಆಸೆ ಒಂದೇ: ನಾವು ಪಟ್ಟ ಪಾಡು ಮಕ್ಕಳು ಪಡಬಾರದು, ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ತಡವರಿಸಬಾರದು. ಸರ್ಕಾರಗಳೂ ಈ ಆಸೆಗೆ ತಲೆಬಾಗಿವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ; 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ಬಂದವು. ತೆಲಂಗಾಣ 2022-23ರಿಂದ ಸರ್ಕಾರಿ ಶಾಲೆಗಳನ್ನು ಹಂತಹಂತವಾಗಿ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸತೊಡಗಿತು. ಮಾಧ್ಯಮದ ಪರ, ವಿರೋಧದ ವಾದ ದೊಡ್ಡದು, ಹಳೆಯದು. ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಒಂದು ಮಾತು. ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸರಳವಾದ ಇಂಗ್ಲಿಷ್ ವಾಕ್ಯ ಓದಬಲ್ಲವರು ಸುಮಾರು ಕಾಲುಭಾಗ ಮಾತ್ರ. ಎಂಟನೇ ತರಗತಿಯಲ್ಲೂ ಅರ್ಧದಷ್ಟು ಮಕ್ಕಳು ಆ ಗೆರೆ ದಾಟಿಲ್ಲ. 2016ರಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿಯಿತ್ತು. ಆ ನಡುವೆ ಎಷ್ಟೋ ಶಾಲೆಗಳ ಬೋರ್ಡು ಬದಲಾಯಿತು, ಮಕ್ಕಳ ಓದು ಬದಲಾಗಲಿಲ್ಲ.

ಬದಲಾಗಬೇಕಿದ್ದರೆ ಬೇಕಾದ್ದೇನು? ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಅಲಕ್ಷ್ಯಕ್ಕೆ ಒಳಗಾದದ್ದೂ ಒಂದಿದೆ. ಮಗುವಿನ ಕೈಗೆ ಅದಕ್ಕೆ ಇಷ್ಟವಾಗುವ, ಅದಕ್ಕೆ ಸುಲಭವಾಗುವ ಕಥೆಪುಸ್ತಕಗಳನ್ನು ರಾಶಿರಾಶಿಯಾಗಿ ಕೊಟ್ಟು, ಆಮೇಲೆ ಏನನ್ನೂ ಕೇಳದೆ ಸುಮ್ಮನಿರುವುದು. ಸುಮ್ಮನಿರುವುದೇ ನಮಗೆ ಕಷ್ಟ.

ಈ ಉತ್ತರ ವಿದೇಶದಿಂದ ಬಂದದ್ದೆಂದು ತಿಳಿಯಬೇಕಿಲ್ಲ. 1920ರ ದಶಕದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಬಂಗಾಳದ ಹುಡುಗರ ಕಲಿಕೆಯನ್ನು ಹತ್ತಿರದಿಂದ ನೋಡಿ, 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಒಂದು ದೊಡ್ಡ ವರದಿ ಬರೆದರು. ಹುಡುಗರಲ್ಲಿ ಬಹುಪಾಲು ಜನ ಒಂದೆರಡು ವರ್ಷ ಇಂಗ್ಲಿಷ್ ಕಲಿತು ಶಾಲೆ ಬಿಟ್ಟುಬಿಡುತ್ತಿದ್ದರು. ಅವರಿಗೆ ಆ ಒಂದೆರಡು ವರ್ಷದಿಂದ ಸಿಕ್ಕಿದ್ದೇನು ಎಂಬುದು ವೆಸ್ಟ್ ಅವರ ಪ್ರಶ್ನೆ. ವಿಮೆಯ ಪಾಲಿಸಿಯನ್ನು ನಡುವೆ ಕೈಬಿಟ್ಟರೂ ಸರೆಂಡರ್ ಮೌಲ್ಯವೆಂದು ಅಷ್ಟಿಷ್ಟು ಹಣ ವಾಪಸು ಬರುತ್ತದೆ. ಅರ್ಧಕ್ಕೆ ಬಿಟ್ಟ ವಿದ್ಯೆಗೂ ಅಂಥದೊಂದು ಬೆಲೆ ಉಳಿಯಬೇಕು ಎಂದು ಅವರು ವಾದಿಸಿದರು. ಮಾತಾಡುವುದನ್ನು ಅರ್ಧಂಬರ್ಧ ಕಲಿತು ಶಾಲೆ ಬಿಟ್ಟವನಿಗೆ ಹಳ್ಳಿಯಲ್ಲಿ ಇಂಗ್ಲಿಷ್ ಮಾತಾಡಲು ಯಾರೂ ಸಿಗುವುದಿಲ್ಲ. ಓದುವುದನ್ನು ಕಲಿತವನಿಗೆ ಪುಸ್ತಕ ಸಿಕ್ಕರೆ ಸಾಕು, ಮೇಷ್ಟ್ರಿಲ್ಲದೆಯೂ ಮುಂದೆ ಹೋಗಬಲ್ಲ.

ಪಠ್ಯಪುಸ್ತಕಗಳಲ್ಲಿ ಹೊಸ ಪದಗಳು ಸಾಲುಸಾಲಿಗೂ ತೊಡರುವಷ್ಟು ದಟ್ಟವಾಗಿವೆಯೆಂದು ಕಂಡುಕೊಂಡ ವೆಸ್ಟ್, ಪದಗಳನ್ನು ಎಣಿಸಿ, ಹೆಚ್ಚು ಬಳಕೆಯಾಗುವವನ್ನು ಮೊದಲಿಟ್ಟು, ಹೊಸದನ್ನು ವಿರಳವಾಗಿ ಬಿತ್ತಿ ಕಥೆಗಳನ್ನು ಬರೆದರು. ಆ ‘ನ್ಯೂ ಮೆಥಡ್ ರೀಡರ್ಸ್’ ಮಾಲೆಯಿಂದಲೇ ಇವತ್ತಿನ ಗ್ರೇಡೆಡ್ ರೀಡರ್‌ಗಳ ವಂಶ ಬೆಳೆಯಿತು. 1953ರಲ್ಲಿ ಅವರು ಹೊರತಂದ ಸುಮಾರು ಎರಡು ಸಾವಿರ ಪದಗಳ ಪಟ್ಟಿ ಪ್ರಪಂಚದ ಇಂಗ್ಲಿಷ್ ಬೋಧನೆಗೆ ಅಡಿಪಾಯವಾಯಿತು. ಜಪಾನಿನ ಕಾಲೇಜು ಗ್ರಂಥಾಲಯಗಳು ಈಗ ಹಂತಹಂತದ ಕಿರುಪುಸ್ತಕಗಳನ್ನು ಕಪಾಟುಗಟ್ಟಲೆ ಇಟ್ಟುಕೊಂಡಿವೆ. ಆ ಪುಸ್ತಕಗಳ ಮೂಲಪುರುಷ ಕೆಲಸ ಮಾಡಿದ್ದು ಈ ಉಪಖಂಡದ ಬಡ ಶಾಲೆಗಳಿಗಾಗಿ ಎಂಬುದು ಮಾತ್ರ ನಮ್ಮ ಶಾಲೆಗಳಿಗೆ ಮರೆತುಹೋಗಿದೆ.

ಸ್ವಾತಂತ್ರ್ಯದ ನಂತರ ಇಂಗ್ಲಿಷ್ ಕಲಿಸುವ ಬಗೆಯನ್ನು ಯೋಚಿಸಲೆಂದು ಭಾರತ ಸರ್ಕಾರ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ತೆರೆದದ್ದು ಇದೇ ಹೈದರಾಬಾದಿನಲ್ಲಿ. ಬೇಗಂಪೇಟೆಯಿಂದ ಸಿಕಂದರಾಬಾದ್ ದಾಟಿ ತಾರ್ನಾಕದ ಕಡೆ ಹೋದರೆ ಅದರ ಇಂದಿನ ರೂಪವಾದ ಇಫ್ಲು ವಿಶ್ವವಿದ್ಯಾಲಯ ಸಿಗುತ್ತದೆ. ಸಂಸ್ಥೆಯ ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿನಾಯಕ ಕೃಷ್ಣ ಗೋಕಾಕ್. ಸವಣೂರಿನ ಹುಡುಗ, ಬೇಂದ್ರೆಯವರ ಗೆಳೆಯರ ಗುಂಪಿನ ಕವಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕ. ಭಾರತದಲ್ಲಿ ಇಂಗ್ಲಿಷಿನ ಇಂದು ಮತ್ತು ಮುಂದಿನ ಬಗ್ಗೆ 1964ರಲ್ಲಿ ಇಂಗ್ಲಿಷಿನಲ್ಲೇ ಪುಸ್ತಕ ಬರೆದ ಇದೇ ಗೋಕಾಕರು, 1981ರಲ್ಲಿ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟರು. ಅದರ ಜಾರಿಗೆ ನಾಡೇ ಬೀದಿಗಿಳಿಯಿತು. ಕೆಲವರಿಗೆ ಇದು ವಿರೋಧಾಭಾಸವೆನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಎರಡು ಭಾಷೆಗಳಲ್ಲೂ ಸುಖವಾಗಿ ಓದಿದವರಿಗೆ ಒಂದು ಮತ್ತೊಂದರ ಶತ್ರುವಲ್ಲವೆಂದು ಗೊತ್ತಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಗೊತ್ತಿರುತ್ತದೆ.

ಆದರೆ ಆ ಕಾಲದ ತರಬೇತಿಗಳ ಒತ್ತು ಉಚ್ಚಾರಣೆಯ ಮೇಲೆ, ವಾಕ್ಯರಚನೆಗಳ ಮೇಲೆ ಬಿತ್ತು. ಒಂದೊಂದೇ ರಚನೆಯನ್ನು ಆಯ್ದು, ಇಡೀ ತರಗತಿಯಿಂದ ಒಕ್ಕೊರಲಲ್ಲಿ ಹೇಳಿಸುವ ‘ಸ್ಟ್ರಕ್ಚರಲ್’ ವಿಧಾನ ದೇಶವನ್ನೆಲ್ಲ ಆವರಿಸಿತು. ಅದಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟದ್ದೂ ದಕ್ಷಿಣವೇ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಬೆಂಗಳೂರು ಪ್ರಾಜೆಕ್ಟ್, ಮಕ್ಕಳ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆಂದು ನಂಬಿ, ನಕ್ಷೆ ನೋಡುವುದು, ವೇಳಾಪಟ್ಟಿ ಬಿಡಿಸುವುದು ಮುಂತಾದ ಕೆಲಸಗಳನ್ನೇ ಪಾಠವಾಗಿಸಿತು. ಹೊರನಾಡುಗಳ ಬೋಧನಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ಅಧ್ಯಾಯಗಳಿವೆ. ಬೆಂಗಳೂರಿನ ಮೇಷ್ಟ್ರುಗಳನ್ನು ಕೇಳಿದರೆ ಹೆಚ್ಚಿನವರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ.

ಸುಖಕ್ಕಾಗಿ ಓದುವುದರ ಪರ ಇರುವ ಅತಿ ಬಲವಾದ ಸಾಕ್ಷ್ಯ ಬಂದದ್ದು ಫಿಜಿ ದ್ವೀಪಗಳಿಂದ. ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು ಅಲ್ಲಿನ ಎಂಟು ಹಳ್ಳಿ ಶಾಲೆಗಳ ನಾಲ್ಕು, ಐದನೇ ತರಗತಿಗಳಿಗೆ ಚಿತ್ರಗಳಿದ್ದ 250 ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿದರು. ಮಕ್ಕಳು ಫಿಜಿಯನ್ ಅಥವಾ ಹಿಂದಿ ಮನೆಮಾತಿನವರು. ಮನೆಯಲ್ಲಿ ಪುಸ್ತಕ ಅಪರೂಪ. ಕೆಲವು ತರಗತಿಗಳಲ್ಲಿ ಟೀಚರು ದೊಡ್ಡ ಪುಸ್ತಕ ಹಿಡಿದು ಮಕ್ಕಳ ಜೊತೆ ಓದಿದರು, ಕೆಲವದರಲ್ಲಿ ಮಕ್ಕಳೇ ದಿನಕ್ಕೆ 20-30 ನಿಮಿಷ ಮೌನವಾಗಿ ಓದಿಕೊಂಡರು. ಹೋಲಿಕೆಗೆಂದು ಆಯ್ದ ಬೇರೆ ಶಾಲೆಗಳಲ್ಲಿ ಎಂದಿನ ಡ್ರಿಲ್ ಪಾಠ. 1983ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೊದಲ ವರ್ಷದಲ್ಲೇ ಪುಸ್ತಕ ಸಿಕ್ಕ ಮಕ್ಕಳ ಓದಿನ ಗ್ರಹಿಕೆ, ಕೇಳಿ ತಿಳಿಯುವ ಶಕ್ತಿ ಎರಡು ಪಟ್ಟು ವೇಗದಲ್ಲಿ ಬೆಳೆದಿತ್ತು. ಇಪ್ಪತ್ತು ತಿಂಗಳ ಹೊತ್ತಿಗೆ ಆ ಲಾಭ ಭಾಷೆಯ ಇತರ ಸಾಮರ್ಥ್ಯಗಳಿಗೂ ಹರಡಿತ್ತು. ಇದೇ ‘ಪುಸ್ತಕ ಪ್ರವಾಹ’ವೆಂದು ಪ್ರಸಿದ್ಧವಾದ ಪ್ರಯೋಗ. ಸಿಂಗಪುರ 1985ರಲ್ಲಿ ಇದರಿಂದ ಕಲಿತು ಪ್ರಾಥಮಿಕ ಶಾಲೆಗಳಿಗೆ ತನ್ನದೇ ಕಾರ್ಯಕ್ರಮ ರೂಪಿಸಿಕೊಂಡಿತು.

ಈ ವಿಚಾರಕ್ಕೆ ದೊಡ್ಡ ದನಿಯಾದವರು ಅಮೆರಿಕದ ಸ್ಟೀಫನ್ ಕ್ರಾಶನ್. ಅರ್ಥವಾಗುವ ಭಾಷೆ ಕಿವಿಗೋ ಕಣ್ಣಿಗೋ ಹೇರಳವಾಗಿ ಬೀಳುತ್ತಿದ್ದರೆ ಭಾಷೆ ಬರುತ್ತದೆ, ತಿದ್ದುಪಡಿಯಿಂದಲ್ಲ ಎಂಬುದು ಅವರ ವಾದದ ತಿರುಳು. 1993ರ ‘ದಿ ಪವರ್ ಆಫ್ ರೀಡಿಂಗ್’ ಪುಸ್ತಕದಲ್ಲಿ ಕಾಮಿಕ್ಸ್‌ನಿಂದ ಹಿಡಿದು ಹದಿಹರೆಯದ ಪ್ರೇಮಕಥೆಗಳವರೆಗೆ ಎಲ್ಲದರ ಪರ ನಿಂತರು. ಆದರೆ ಅವರು ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ಒಪ್ಪಬೇಕಿಲ್ಲ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲಿ, ತರಗತಿಯ ಮೌನ ಓದಿನಿಂದ ಓದುವ ಶಕ್ತಿ ಹೆಚ್ಚುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ತೀರ್ಪಿತ್ತಿತು. ಕ್ರಾಶನ್ ಅದನ್ನು ಬಲವಾಗಿ ಅಲ್ಲಗಳೆದರು. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮಕ್ಕಳನ್ನು ನೋಡಿದ ಮೆರಿಲ್ ಸ್ವೇನ್, ವರ್ಷಗಟ್ಟಲೆ ಕೇಳಿ ಓದಿ ಅರ್ಥ ಮಾಡಿಕೊಂಡವರೂ ಮಾತಿನಲ್ಲಿ, ಬರಹದಲ್ಲಿ ತಪ್ಪುತ್ತಾರೆ, ಆಡಿ ಬರೆದೇ ಕೆಲವು ಕಲಿಯಬೇಕು ಎಂದು 1985ರಲ್ಲಿ ತೋರಿಸಿದರು. 2015ರಲ್ಲಿ ನಾಕಾನಿಶಿ ಎಂಬ ಜಪಾನಿ ವಿದ್ವಾಂಸರು ಎರಡನೇ ಭಾಷೆಯ ಓದಿನ ಮೇಲಿನ 34 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದಾಗ ಬಂದದ್ದು ಪವಾಡವಲ್ಲ, ಮಧ್ಯಮ ಪ್ರಮಾಣದ, ಆದರೆ ಖಚಿತವಾದ ಲಾಭ. ನಾನು ಈ ಕೊನೆಯ ತೀರ್ಮಾನವನ್ನೇ ನಂಬುತ್ತೇನೆ. ಓದು ಪಾಠಕ್ಕೆ ಬದಲಿಯಲ್ಲ. ಅಕ್ಷರ ಕೂಡಿಸಿ ಓದಲು ಬಾರದ ಮಗುವಿಗೆ ಮೊದಲು ಅದನ್ನು ಕಲಿಸಲೇಬೇಕು. ಆದರೆ ಓದು ಇಲ್ಲದ ಪಾಠ ಪರೀಕ್ಷೆಯ ಮರುದಿನಕ್ಕೆ ಉಳಿಯುವುದಿಲ್ಲ.

ಅದು ಯಾಕೆ ಎನ್ನುವುದು ಒಂದು ಲೆಕ್ಕದಿಂದ ತಿಳಿಯುತ್ತದೆ. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಜೊತೆಗಾರರ ಅಧ್ಯಯನದ ಪ್ರಕಾರ ಯಾರ ನೆರವೂ ಇಲ್ಲದೆ ಕಥೆಯೊಂದನ್ನು ಓದಿ ಸಂತೋಷಪಡಬೇಕಿದ್ದರೆ ಅದರ ನೂರು ಪದಗಳಲ್ಲಿ ತೊಂಬತ್ತೆಂಟು ಗೊತ್ತಿರಬೇಕು. ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಮುನ್ನೂರು ಪದಗಳ ಪುಟದಲ್ಲಿ ಆರು ದಾಟಿದರೆ ಓದು ಕೆಲಸವಾಗುತ್ತದೆ, ಕೆಲಸವಾದ ಮೇಲೆ ಹುಡುಗ ಕ್ರಿಕೆಟ್ ಆಡಲು ಹೋಗುತ್ತಾನೆ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಪಾಠಗಳಲ್ಲಿ, ಬಸ್ತಿಯ ಶಾಲೆಯ ಮಗುವಿಗೆ, ಒಂದೊಂದು ಸಾಲಿನಲ್ಲೂ ಎರಡು ಹೊಸ ಪದ. ಗೊತ್ತಿಲ್ಲದ ಪದ ಒಮ್ಮೆ ಕಂಡರೆ ಸಾಲದು. ಬೇರೆಬೇರೆ ಸಂದರ್ಭಗಳಲ್ಲಿ ಹತ್ತಾರು ಸಲ ಎದುರಾಗಬೇಕು. ವರ್ಷಕ್ಕೆ ಒಂದು ಪಠ್ಯಪುಸ್ತಕ ಓದುವ ಮಗುವಿಗೆ ಆ ಹತ್ತಾರು ಸಲ ಎಲ್ಲಿಂದ ಬರಬೇಕು? ಆದ್ದರಿಂದ ಪುಸ್ತಕಗಳು ತುಂಬ ಬೇಕು, ಮಗುವಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇರಬೇಕು.

ಇಲ್ಲಿಯೇ ನಮ್ಮ ಅಭಿಮಾನ ಅಡ್ಡ ಬರುತ್ತದೆ. ಒಂಬತ್ತನೇ ತರಗತಿಯ ಹುಡುಗಿಯ ಕೈಯಲ್ಲಿ ಚಿತ್ರದ ಪುಸ್ತಕ ನೋಡಿದರೆ ಅಪ್ಪನಿಗೆ ಅವಮಾನ, ಮೇಷ್ಟ್ರಿಗೆ ಕಸಿವಿಸಿ. ದೊಡ್ಡವರು ಕೊಡಿಸುವುದು ಶೇಕ್ಸ್‌ಪಿಯರ್, ಡಿಕನ್ಸ್ ಅಥವಾ ಯಶಸ್ಸಿನ ಸೂತ್ರಗಳ ಪುಸ್ತಕ. ಇಲ್ಲವೆಂದರೆ ಅರವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ, ರ‍್ಯಾಪಿಡೆಕ್ಸ್. ಬಸ್ ನಿಲ್ದಾಣದ ಅಂಗಡಿಯಲ್ಲಿ ಅದನ್ನು ಕೊಂಡ ಎಷ್ಟು ಮನೆಗಳಲ್ಲಿ ಹತ್ತನೇ ದಿನದ ಪಾಠಕ್ಕೆ ಹಾಕಿದ ಗುರುತು ಹಾಗೇ ಉಳಿದಿಲ್ಲ! ಇನ್ನೊಂದು ತಮಾಷೆ: ಪಠ್ಯಪುಸ್ತಕದ ನಡುವೆ ಕಾದಂಬರಿ ಅವಿಸಿಟ್ಟುಕೊಂಡು ಓದಿ ಭಾಷೆ ಕಲಿತ ತಲೆಮಾರೇ ಈಗ ಅಪ್ಪ ಅಮ್ಮಂದಿರಾಗಿ, ಮಗು ಕಥೆಪುಸ್ತಕ ಹಿಡಿದರೆ ‘ಟೈಂಪಾಸ್ ಸಾಕು, ಓದ್ಕೋ’ ಎನ್ನುತ್ತದೆ.

ಶಾಲೆಗಳಿಗೆ ಈ ಸಂಗತಿ ಗೊತ್ತೇ ಇರಲಿಲ್ಲವೆಂದಲ್ಲ. ಇಂಗ್ಲಿಷ್ ಪಠ್ಯಕ್ರಮದಲ್ಲಿ ಹಿಂದಿನಿಂದಲೂ ‘ನಾನ್ ಡಿಟೇಲ್’ ಎಂಬುದೊಂದಿತ್ತು. ಮುಖ್ಯ ಪಠ್ಯವನ್ನು ಪದಪದವಾಗಿ ಬಿಡಿಸಿ ಕಲಿಸಬೇಕು, ನಾನ್ ಡಿಟೇಲನ್ನು ಮಕ್ಕಳು ತಾವೇ ಬೇಗಬೇಗ ಓದಿ ಖುಷಿಪಡಬೇಕು ಎಂಬುದು ಅದರ ಉದ್ದೇಶ. ಸಂಕ್ಷಿಪ್ತಗೊಳಿಸಿದ ಸಾಹಸಕಥೆಗಳು, ಪತ್ತೇದಾರಿ ಕಥೆಗಳು ಆ ಜಾಗಕ್ಕೆ ಬಂದವು. ಆಮೇಲೆ ಪರೀಕ್ಷೆ ಬಂತು, ಅದರ ಹಿಂದೆ ಗೈಡುಗಳು ಬಂದವು. ನಾಯಕನ ಗುಣಸ್ವಭಾವ ವಿವರಿಸಿ, ಐದು ಅಂಕ. ಕಥೆಯ ಸಾರಾಂಶ ಬರೆಯಿರಿ, ಹತ್ತು ಅಂಕ. ಮಕ್ಕಳು ಗೈಡಿನ ಉತ್ತರ ಬಾಯಿಪಾಠ ಮಾಡಿದರು, ಕಥೆಯನ್ನು ಓದಲೇ ಇಲ್ಲ. ಖುಷಿಗೆಂದು ಕೊಟ್ಟ ಪುಸ್ತಕಕ್ಕೆ ಪ್ರಶ್ನೆಪತ್ರಿಕೆ ಅಂಟಿಸುವುದರಲ್ಲಿ ನಮ್ಮಷ್ಟು ನುರಿತವರು ಬೇರೆ ಯಾರಿದ್ದಾರೋ ತಿಳಿಯದು.

ಸುಧಾ ಮೂರ್ತಿಯವರ ಅಜ್ಜಿಯ ಕಥೆಯನ್ನೇ ನೋಡಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ತ್ರಿವೇಣಿಯವರ ‘ಕಾಶಿಯಾತ್ರೆ’ಯ ಮುಂದಿನ ಕಂತು ತಿಳಿಯದೆ ಚಡಪಡಿಸಿದ ಉತ್ತರ ಕರ್ನಾಟಕದ ಮುದುಕಿ, ಮೊಮ್ಮಗಳಿಂದ ಅಕ್ಷರ ಕಲಿತ ಕಥೆ ಅದು. ಕಥೆಯ ಕುತೂಹಲವೊಂದೇ ಸಾಕ್ಷರತೆಗೆ ಸಾಕು ಎಂದು ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಸಿಬಿಎಸ್ಇ ಅದನ್ನು ಒಂಬತ್ತನೇ ತರಗತಿಗೆ ಪಾಠವಾಗಿಟ್ಟಿತು. ಅಜ್ಜಿಯ ಗುಣಸ್ವಭಾವವನ್ನು ವಿವರಿಸಿ ಎಂಬ ಪ್ರಶ್ನೆಗೆ ಲಕ್ಷಾಂತರ ಮಕ್ಕಳು ಉತ್ತರ ಬರೆದರು. ಕಥೆ ಓದಿದ ಮೇಲೆ ಅವರಲ್ಲಿ ಎಷ್ಟು ಮಂದಿಗೆ ಶಾಲೆ ಇನ್ನೊಂದು ಕಥೆಪುಸ್ತಕ ಕೊಟ್ಟಿತೆಂದು ಯಾವ ಮಂಡಳಿಯೂ ಕೇಳಲಿಲ್ಲ.

ಫ್ರೆಂಚ್ ಲೇಖಕ, ಶಾಲಾಮಾಸ್ತರ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದ್ದರು. ಓದದೇ ಇರುವ ಹಕ್ಕು ಮೊದಲನೆಯದು. ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಸಿಕ್ಕಿದ್ದನ್ನೆಲ್ಲ ಓದುವ ಹಕ್ಕು ಅದರ ಹಿಂದೆ ಬರುತ್ತವೆ. ನಮ್ಮ ತರಗತಿಗಳಲ್ಲಿ ಇವುಗಳಲ್ಲಿ ಒಂದಾದರೂ ಜಾರಿಯಲ್ಲಿದೆಯೇ? ರುಚಿಸದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ಬೇರೆಯದನ್ನು ತರುವ ಸ್ವಾತಂತ್ರ್ಯ ಇಲ್ಲದವನು ಪುಸ್ತಕವನ್ನೇ ಬಿಡುತ್ತಾನೆ.

ಇನ್ನು ಯಾವ ಪುಸ್ತಕ ಎಂಬ ಪ್ರಶ್ನೆ. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆ, ಹಿಮ, ಪುಡ್ಡಿಂಗ್, ಶೆರ‍್ರಿಗಳ ಕಥೆಯಲ್ಲಿ ಭಾಷೆಯೂ ಹೊಸದು, ಲೋಕವೂ ಹೊಸದು. ಮಗು ಎರಡನ್ನೂ ಹೊರಬೇಕು. ಲೋಕ ಪರಿಚಿತವಾಗಿದ್ದರೆ ಭಾಷೆಯ ಅರ್ಧ ಭಾರ ಇಳಿದಂತೆ. ಕನ್ನಡದ ಮಕ್ಕಳಿಗೆ ಈ ದೃಷ್ಟಿಯಿಂದ ಸಿಕ್ಕಿರುವ ಭಾಗ್ಯವನ್ನು ನಾವು ಬಳಸಿಕೊಂಡೇ ಇಲ್ಲ. ಮೈಸೂರಿನಲ್ಲಿ ಕುಳಿತು ಆರ್.ಕೆ. ನಾರಾಯಣ್ ಬರೆದ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ವಾಕ್ಯಗಳು ಚಿಕ್ಕವು, ತಿಳಿಯಾದವು; ಅದರ ಮೇಷ್ಟ್ರು, ಅಜ್ಜಿ, ಕ್ರಿಕೆಟ್ ತಂಡ ನಮ್ಮವೇ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದವರಿಗಂತೂ ಓದುವ ಮೊದಲೇ ಮುಖಗಳು ಗೊತ್ತು.

ಅದಕ್ಕಿಂತ ಒಳ್ಳೆಯ ಸೇತುವೆ ಕೆನೆತ್ ಆಂಡರ್ಸನ್. ನರಭಕ್ಷಕಗಳ ಬೆನ್ನು ಹತ್ತಿ ಮಾಗಡಿ, ಜವಳಗಿರಿಗಳಲ್ಲಿ ಅಲೆದ ಈ ಬೆಂಗಳೂರು ನಿವಾಸಿ 1910ರಲ್ಲಿ ಹುಟ್ಟಿದ್ದು ಸಿಕಂದರಾಬಾದಿನ ಬೊಲಾರಂನಲ್ಲಿ, ಬೇಗಂಪೇಟೆಗೆ ತುಂಬ ದೂರವೇನಲ್ಲ. ಪೂರ್ಣಚಂದ್ರ ತೇಜಸ್ವಿಯವರು ಅವರ ಕಥೆಗಳನ್ನು ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಪುಸ್ತಕಗಳಾಗಿ ಕನ್ನಡಕ್ಕೆ ತಂದರು. ‘ಪೆದ್ದಚೆರುವಿನ ರಾಕ್ಷಸ’ವನ್ನೋ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯನ್ನೋ ಕನ್ನಡದಲ್ಲಿ ಓದಿ ಮೈನವಿರೇಳಿಸಿಕೊಂಡ ಪಿಯುಸಿ ಹುಡುಗನ ಕೈಗೆ ಅದೇ ಕಥೆಯ ಇಂಗ್ಲಿಷ್ ಮೂಲ ಕೊಟ್ಟು ನೋಡಿ. ಹುಲಿ ಎಲ್ಲಿ ಅಡಗಿದೆಯೆಂದು ಅವನಿಗೆ ಗೊತ್ತು. ಗೊತ್ತಿಲ್ಲದ ಪದಗಳು ಅವನನ್ನು ಹೆದರಿಸುವುದಿಲ್ಲ. ಕನ್ನಡದಲ್ಲಿ ಮೊದಲು, ಇಂಗ್ಲಿಷಿನಲ್ಲಿ ಆಮೇಲೆ: ಯಾವ ಸ್ಪೋಕನ್ ಇಂಗ್ಲಿಷ್ ಕೋರ್ಸೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡದು.

‘ಚಂದಮಾಮ’ ಈ ಜೋಡಿ ಓದನ್ನು ತನಗರಿವಿಲ್ಲದೆಯೇ ನಡೆಸಿತ್ತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ, 1949ರಲ್ಲಿ ಕನ್ನಡಕ್ಕೆ, 1955ರಲ್ಲಿ ಇಂಗ್ಲಿಷಿಗೆ ಬಂದ ಆ ಪತ್ರಿಕೆಯಲ್ಲಿ ಬೇತಾಳ ಎಲ್ಲ ಭಾಷೆಗಳಲ್ಲೂ ಅದೇ ಮರಕ್ಕೆ ನೇತಾಡುತ್ತಿತ್ತು. ಇವತ್ತು ಆ ಕೆಲಸವನ್ನು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಮಾಡುತ್ತಿದೆ: ನಾಲ್ಕು ಹಂತಗಳಲ್ಲಿ, ಹತ್ತಾರು ಭಾಷೆಗಳಲ್ಲಿ, ಉಚಿತವಾಗಿ ಓದಬಹುದಾದ, ಮುದ್ರಿಸಿಕೊಳ್ಳಬಹುದಾದ ಕಥೆಗಳು. ಚೆನ್ನೈನ ತೂಲಿಕಾ ಒಂದೇ ಪುಟದಲ್ಲಿ ಎರಡು ಭಾಷೆಗಳಿರುವ ಪುಸ್ತಕ ತರುತ್ತದೆ. ಕಥೆ ಬೇಡವೆನ್ನುವ ಹುಡುಗನಿಗೆ ಕ್ರಿಕೆಟ್ ವರದಿಗಳಿವೆ. ಅವನಿಗೆ ಅದೇ ಸಾಹಿತ್ಯ, ಒಪ್ಪಿಕೊಳ್ಳೋಣ.

ಮಾತೃಭಾಷೆಯಲ್ಲಿ ಓದುವ ಶಕ್ತಿ ಎರಡನೇ ಭಾಷೆಗೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದಿದ್ದಾರೆ. ಕಥೆಯ ಜಾಡು ಹಿಡಿಯುವುದು, ಮುಂದೇನಾದೀತೆಂದು ಊಹಿಸುವುದು, ಗೊತ್ತಿಲ್ಲದ್ದನ್ನು ದಾಟಿ ಹೋಗುವುದು ಒಂದೇ ಸಲ ಕಲಿಯಬೇಕಾದ ವಿದ್ಯೆಗಳು. ಹೈದರಾಬಾದಿನ ಕನ್ನಡ ಮನೆಗಳ ತೊಡಕು ಇಲ್ಲೇ ಇದೆ. ಕಲಬುರ್ಗಿ, ಬೀದರ್, ರಾಯಚೂರು ನಿಜಾಮರ ರಾಜ್ಯದಲ್ಲಿದ್ದ ಕಾಲದಿಂದ ಈ ಊರಿನಲ್ಲಿ ಕನ್ನಡಿಗರಿದ್ದಾರೆ. ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ಆದರೆ ಬೇಗಂಪೇಟೆಯ ಫ್ಲ್ಯಾಟಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ 2018ರ ಕಾಯ್ದೆಯಂತೆ ತೆಲುಗು ಕಡ್ಡಾಯ. ನಾಲ್ಕು ಭಾಷೆ ಕೇಳುವ ಆ ಮಗು ಖುಷಿಗಾಗಿ ಓದುವುದು ಯಾವುದರಲ್ಲೂ ಅಲ್ಲ. ಅಂಥ ಮನೆಗಳಿಗೆ ಒಂದು ಸಲಹೆ: ತೆಲುಗು ಲಿಪಿ ಬಂದ ಮಗುವಿಗೆ ಕನ್ನಡ ಲಿಪಿ ರಜೆಯ ಕೆಲವು ವಾರಗಳ ಆಟ. ತಲೆಕಟ್ಟಿನ ವ್ಯತ್ಯಾಸ ಹಿಡಿದುಬಿಟ್ಟರೆ ಉಳಿದದ್ದು ಸಲೀಸು. ಕನ್ನಡದ ನಾಲ್ಕು ಕಥೆಪುಸ್ತಕ ಓದಿಸುವುದರಿಂದ ಇಂಗ್ಲಿಷ್ ಹಿಂದೆ ಬೀಳುವುದಿಲ್ಲ.

ಪುಸ್ತಕ ಸಿಗುವುದು ಎಲ್ಲಿ? ಹಣವಿದ್ದವರಿಗೆ ಬೇಗಂಪೇಟೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಗ್ರೀನ್‌ಲ್ಯಾಂಡ್ಸ್ ರಸ್ತೆಯ ವಾಲ್ಡನ್ ಅಂಗಡಿ ಒಂ‌ದು ಕಾಲಕ್ಕೆ ಇಡೀ ಊರಿನ ಓದುಗರನ್ನು ಸೆಳೆದಿತ್ತು. ಹಣವಿಲ್ಲದವರಿಗೆ ಅಬಿಡ್ಸ್‌ನ ಭಾನುವಾರದ ಪುಟ್‌ಪಾತ್ ಇದೆ, ಹಳೆಯ ಕಾಮಿಕ್ಸುಗಳು, ಅಂಚು ಹರಿದ ಕಾದಂಬರಿಗಳು ಅಲ್ಲಿ ರಾಶಿಬಿದ್ದಿರುತ್ತವೆ. ಶಾಲೆಗಳ ಕಥೆ ಬೇರೆ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯ ಕಾಲದಿಂದಲೂ ಸರ್ಕಾರಿ ಶಾಲೆಗಳಿಗೆ ಪುಸ್ತಕಗಳು ಹೋಗುತ್ತಲೇ ಇವೆ, ಹೋದವು ಬೀರುವಿನೊಳಗೆ ಸೇರುತ್ತಲೇ ಇವೆ. ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ. ಕಾರಣ, ಪುಸ್ತಕ ಕಳೆದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರು. ಓದದೆ ಉಳಿದ ಪುಸ್ತಕಕ್ಕೆ ಯಾವ ಆಡಿಟರೂ ಆಕ್ಷೇಪಣೆ ಬರೆದ ಉದಾಹರಣೆಯಿಲ್ಲ. ಖಾಸಗಿ ಶಾಲೆಗಳಲ್ಲಿ ಲೈಬ್ರರಿ ಪೀರಿಯಡ್ ವೇಳಾಪಟ್ಟಿಯಲ್ಲಿರುತ್ತದೆ, ಗಣಿತದ ಪೋರ್ಷನ್ ಮುಗಿಯದಿದ್ದಾಗ ಮೊದಲು ಬಲಿಯಾಗುವುದೂ ಅದೇ. ಆರನೇ ತರಗತಿಯಿಂದಲೇ ಐಐಟಿ ಫೌಂಡೇಶನ್ ಹೆಸರಲ್ಲಿ ಸಂಜೆಗಳನ್ನೂ ಕಸಿದುಕೊಳ್ಳುವ ಹೈದರಾಬಾದಿನಂಥ ಊರಿನಲ್ಲಿ ಮಗುವಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಅರ್ಧ ಗಂಟೆಯ ಬಿಡುವು.

ಕರ್ನಾಟಕದಲ್ಲಿ ಆಸೆ ಹುಟ್ಟಿಸುವ ಒಂದು ಕೆಲಸ ನಡೆದಿದೆ. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಕಾರ್ಯಕ್ರಮ ತಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಐದು ಸಾವಿರಕ್ಕೂ ಹೆಚ್ಚು ಊರುಗಳ ಆ ಕೊಠಡಿಗಳು ಈಗ ಅರಿವು ಕೇಂದ್ರಗಳು. ವಯಸ್ಕರು ದಿನಪತ್ರಿಕೆ ಮಗುಚಿಹಾಕಿ ಹೋಗುತ್ತಿದ್ದ ಜಾಗದಲ್ಲಿ ಮಕ್ಕಳು ಚಾಪೆ ಮೇಲೆ ಕೂತು ಕಥೆ ಓದತೊಡಗಿದರು. ಅಲ್ಲಿಗೆ ಕನ್ನಡದ ಜೊತೆಗೆ ದ್ವಿಭಾಷಾ ಪುಸ್ತಕಗಳು, ಹಂತಹಂತದ ಇಂಗ್ಲಿಷ್ ಕಿರುಪುಸ್ತಕಗಳು ಇನ್ನೂ ಹೆಚ್ಚು ಬರಬೇಕು. ಹಳ್ಳಿಯ ಮಗುವಿಗೆ ಇಂಗ್ಲಿಷ್ ಕೊಡಲು ಹೊಸ ಶಾಲೆ ಕಟ್ಟುವುದಕ್ಕಿಂತ ಇದು ಎಷ್ಟೋ ಸುಲಭ.

ಕೊನೆಗೆ ಮೇಷ್ಟ್ರು, ಟೀಚರುಗಳ ವಿಚಾರ. ಇಂಗ್ಲಿಷ್ ಕಲಿಸುವವರಲ್ಲಿ ತಾವು ಕಲಿಸುವ ಪಠ್ಯದ ಹೊರಗೆ ಇಂಗ್ಲಿಷಿನಲ್ಲಿ ಏನನ್ನೂ ಓದದವರು ಬಹಳ. ಅದು ಅವರ ತಪ್ಪು ಮಾತ್ರವಲ್ಲ. ಅವರಿಗೂ ಯಾರೂ ಸುಲಭದ ಪುಸ್ತಕ ಕೊಟ್ಟಿರಲಿಲ್ಲ. ಮಕ್ಕಳ ಜೊತೆ ಕೂತು ಅವರೂ ಅದೇ ಕಿರುಪುಸ್ತಕಗಳನ್ನು ಓದಲಿ, ಅದರಲ್ಲಿ ನಾಚಿಕೆಯೇನಿಲ್ಲ. ಮೇಜಿನ ಹಿಂದೆ ಉತ್ತರಪತ್ರಿಕೆ ತಿದ್ದುತ್ತ ‘ಓದಿ’ ಎಂದು ಗದರುವವರ ಮುಂದೆ ಯಾವ ಮಗುವೂ ಓದುವುದಿಲ್ಲ.

ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಗಳಿಗೆ ಕೇಳಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಕಥೆಪುಸ್ತಕಕ್ಕೆಂದು ವೇಳಾಪಟ್ಟಿಯಲ್ಲಿ ಬಿಡಿ, ಅದಕ್ಕೆ ಅಂಕ ಇಡಬೇಡಿ. ಹರಿದ, ಕಳೆದ ಪುಸ್ತಕಗಳನ್ನು ಬಳಕೆಯ ಖರ್ಚೆಂದು ಬರೆದುಹಾಕುವ ಆದೇಶ ಹೊರಡಿಸಿ, ಹೆಡ್‌ಮಾಸ್ತರರ ಹೆದರಿಕೆ ಹೋಗುತ್ತದೆ. ಅಪ್ಪ ಅಮ್ಮಂದಿರು ಇಲಾಖೆಯನ್ನು ಕಾಯಬೇಕಿಲ್ಲ: ಮುಂದಿನ ಸಲ ಸ್ಪೋಕನ್ ಇಂಗ್ಲಿಷ್ ಕೋರ್ಸಿನ ಶುಲ್ಕ ಕಟ್ಟುವ ಮೊದಲು ಅದರ ಒಂದು ಪಾಲಿಗೆ ಅಬಿಡ್ಸ್‌ನಲ್ಲೋ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಹಳೆಯ ಪುಸ್ತಕ ಕೊಳ್ಳಿ. ಆಯ್ಕೆ ಮಗುವಿಗೇ ಬಿಡಿ.